ಎದ್ದು ಸರಿದ ಜಡ್ಜು

ಕಳೆದ ಭಾನುವಾರ ಸಂಜೆ ಕಮಲಾಪುರದಲ್ಲಿ ಒಂದು ರಾಕ್ ಬ್ಯಾಂಡು ಹಾಡು ಶುರು ಮಾಡಿತು. ಮರುಕ್ಷಣವೇ ಇಡೀ ಸಭೆ ಎದ್ದು, ಕುರ್ಚಿ ಎತ್ತಿಕೊಂಡು ಪಕ್ಕಕ್ಕೆ ಸರಿಯಿತು. ನಾನೂ ಸರಿದೆ. (ನಾನು ಜಡ್ಜು. ಜಡ್ಜು ಸರಿಯಬಾರದು.)

ಬ್ಯಾಂಡಿನ ಹೆಸರು ‘ಕೆಂಧೂಳಿ’. ನಮ್ಮ ಹೊಸಪೇಟೆಯದೇ. ಅವರ ಹಾಡಿನ ತುಣುಕೊಂದು ಮೊಬೈಲಿನಿಂದ ಮೊಬೈಲಿಗೆ ಹಾರಿತು; ‘ಜಗತ್ತು ಇದುವರೆಗೆ ಕೇಳದ ಸೌಂಡ್’ ಎಂಬ ಪೋಸ್ಟರ್ ಆಟೋಗಳ ಬೆನ್ನಿಗೆಲ್ಲ ಅಂಟಿತ್ತು. ಹಂಪಿಯಲ್ಲಿ ನಡೆಯುವ ಸಂಗೀತ ಕಾರ್ಯಕ್ರಮಕ್ಕೆ ಕರೆಯೂ ಬಂತು. ಅಷ್ಟರಲ್ಲಿ ಕಂಪ್ಲಿಯ ಇನ್ನೊಂದು ಬ್ಯಾಂಡಿನವರು ‘ಇದು ಕಾಪಿ’ ಎಂದು ತಕರಾರು ತೆಗೆದರು. ಯಾವುದರ ಕಾಪಿ? ಅದು ಅವರಿಗೂ ಗೊತ್ತಿಲ್ಲ. ಎಲ್ಲೋ ಕೇಳಿದ್ದಾರೆ, ಅಷ್ಟೇ. ಸಂಘಟಕರು ತೀರ್ಪನ್ನು ನನ್ನ ತಲೆಗೆ ಕಟ್ಟಿದರು. ನನ್ನ ಅರ್ಹತೆ? ಎಂದೋ ಈ ಅಂಕಣದಲ್ಲಿ ಹಾರ್ಮೋನಿಯಂ ಬಗ್ಗೆ ಬರೆದಿದ್ದೆ.

ಗಿಟಾರ್ ನುಡಿಸುವ ಗಂಗಾ ಮನೆಗೇ ಬಂದಳು. ಸಂಡೂರಿನ ಗಣಿಯೊಂದರಲ್ಲಿ ಅದಿರು ಲಾರಿ ತೂಗುವುದು ಅವಳ ಕೆಲಸ. ಟ್ಯೂನು ಅವಳದೇ.

“ಸರ್, ಆರು ವರ್ಷದಿಂದ ಮದುವಿ ಮನ್ಯಾಗ ಬ್ಯಾರೆಯವರ ಹಾಡು ಬಾರ್ಸೀನ್ರಿ. ಇದೊಂದು ನಂದು. ಕಾಪಿ ಅಂದ್ರ ಹಂಪಿ ಸ್ಟೇಜ್ ಹೋತು. ಆಮ್ಯಾಲೆ ಗಿಟಾರ್ ಮೂಲ್ಯಾಗ ಇಡೋದ ನೋಡ್ರಿ.”

ಅವಳ ಕಣ್ಣು ತುಂಬಿತ್ತು.

ಮೂರು ದಿನ ಹೆಡ್‌ಫೋನ್ ಹಾಕಿಕೊಂಡು ಕೂತೆ. ಅಮೆರಿಕ, ಇಂಗ್ಲೆಂಡ್, ನಾರ್ವೆ, ಯಾವ ದೇಶದ ಬ್ಯಾಂಡನ್ನೂ ಬಿಡಲಿಲ್ಲ. ಎಲ್ಲೂ ಸಿಗಲಿಲ್ಲ. ಕೊನೆಗೆ ಸ್ಪೀಕರಿನಲ್ಲಿ ಹಾಕಿದೆ. ಚಹಾ ತರುತ್ತಿದ್ದ ನನ್ನ ಹೆಂಡತಿ (ತವರು ಸಂಡೂರು) ಬಾಗಿಲಲ್ಲೇ ಗೋಡೆಗೆ ಒತ್ತಿ ನಿಂತಳು.

“ಯಾಕ ನಿಂತಿ?”

“ಗೊತ್ತಿಲ್ರಿ. ಸರಿದು ನಿಲ್ಬೇಕು ಅನ್ನಿಸ್ತು.”

ಚಹಾ ಆರಿತೆಂದು ಗೊಣಗಿದೆನೇ ಹೊರತು ಮುಂದೆ ಯೋಚಿಸಲಿಲ್ಲ. ಎಂಥ ಸಂಶೋಧಕ ನಾನು! ‘ಒರಿಜಿನಲ್’ ಎಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟೆ.

ತೀರ್ಪು ಓದುವ ಮುಂಚೆ ಹಾಡನ್ನು ಒಮ್ಮೆ ಜನರ ಎದುರು ನುಡಿಸಬೇಕೆಂದು ಕಮಲಾಪುರದಲ್ಲಿ ಸಭೆ ಕರೆದಿದ್ದರು. ಗಂಗಾ ತಂತಿ ಮೀಟಿದಳು. ನಾಲ್ಕು ಸ್ವರ. ಮತ್ತೆ ಅದೇ ನಾಲ್ಕು ಸ್ವರ. ಜನ ದಡಬಡ ಎದ್ದರು. ತಾಯಂದಿರು ಮಕ್ಕಳ ರಟ್ಟೆ ಹಿಡಿದು ಎಳೆದರು. ಸರಿಯದವರು ಒಬ್ಬರೇ: ಪಾಪಿನಾಯಕನಹಳ್ಳಿಯ ಹನುಮಂತಪ್ಪ. ಮೂವತ್ತು ವರ್ಷ ಲಾರಿ ಕ್ಲೀನರ್ ಆಗಿದ್ದವರು. ಅವರು ಸ್ಟೇಜಿಗೆ ಓಡಿ, ಸ್ಪೀಕರ್ ಡಬ್ಬವನ್ನು ಪಟಪಟ ಬಡಿಯುತ್ತ ಕೂಗಿದರು:

“ಬರ್ಲಿ... ಬರ್ಲಿ... ಜರಾ ಲೆಫ್ಟ್... ಹೋಲ್ಡಾನ್!”

ಬ್ಯಾಂಡು ನಿಂತಿತು.

ಲಾರಿಯ ರಿವರ್ಸ್ ಹಾರ್ನ್! ಅದಿರು ಲಾರಿ ಹಿಂದಕ್ಕೆ ಬರುವಾಗ ಕೂಗುವ ಅದೇ ಟ್ಯೂನು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ನಾರ್ವೆಯವರೆಗೆ ಹುಡುಕಿದ್ದೆ. ನನ್ನ ಕಿವಿಗೆ ತಿಳಿಯದ್ದು ಕಾಲಿಗೆ ತಿಳಿದಿತ್ತು.

“ಕಾಪಿ ಸಿಕ್ತಲೇ!” ಕಂಪ್ಲಿಯವರು ಶಿಳ್ಳೆ ಹೊಡೆದರು.

ಗಂಗಾ ಗಿಟಾರ್ ಕಳಚಿದಳು. “ದಿನಾ ಕಿವಿಗೆ ಬೀಳತೈತ್ರಿ ಸರ್. ಅದು ಒಳಗ ಹೋಗಿ ಕುಂತೈತಿ ಅಂತ ಗೊತ್ತಾಗ್ಲಿಲ್ರಿ. ದೇವರಾಣಿ.”

ಸಂಘಟಕರು ನನ್ನ ಮುಖ ನೋಡಿದರು. ಜೇಬಿನ ಚೀಟಿ ತೆಗೆದೆ. ಒಂದಕ್ಷರ ಬದಲಿಸದೆ ಓದಿದೆ.

“ಹೆಂಗ್ರಿ ಸರ್?” ಕಂಪ್ಲಿಯ ಡ್ರಮ್ಮರ್ ಎಗರಿದ. “ಲಾರೀದು ಐತಲ್ರಿ ಅದು?”

ನನಗೆ ಸಿಟ್ಟೇ ಬಂತು. ಆ ಹಾರ್ನು ನಮಗ್ಯಾರಿಗೆ ಕೇಳಿಲ್ಲ? ಮೂಗಿಗೆ ಕರ್ಚೀಫು ಒತ್ತಿಕೊಂಡು ರಸ್ತೆ ಬದಿ ನಿಂತವರೇ ಎಲ್ಲರೂ. ಅದರಲ್ಲಿ ಹಾಡು ಕೇಳಿಸಿದ್ದು ಇವಳೊಬ್ಬಳಿಗೆ.

“ಇಷ್ಟು ವರ್ಷ ಲಾರಿಗೆ ದಾರಿ ಬಿಟ್ಟೀವಲ್ಲೋ ತಮ್ಮಾ,” ಎಂದೆ, “ಲಾರಿ ತೂಗೋ ಹುಡುಗಿಗೆ ಬಿಡಾಕ ಏನು ತ್ರಾಸು?”