ಪಕ್ಕದ ಕುರ್ಚಿಯಲ್ಲಿ ಅಧ್ಯಕ್ಷರು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಧ್ಯಕ್ಷರಾಗಲು ಒಂದೇ ಅರ್ಹತೆ: ಆ ದಿನ ಸಭೆಗೆ ಬಂದಿರಬಾರದು.

ನಗಬೇಡಿ. ನಿಮ್ಮಲ್ಲೂ ಹಾಗೆಯೇ ಇರುತ್ತದೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ಜೀವನ್ ಬಿಮಾ ನಗರದ ನಮ್ಮ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆಗಳು. ವರ್ಷಕ್ಕೊಮ್ಮೆ ಜನರಲ್ ಬಾಡಿ ಮೀಟಿಂಗ್. ‘ಮುಂದಿನ ಅಧ್ಯಕ್ಷರು ಯಾರು?’ ಎಂಬ ಪ್ರಶ್ನೆ ಬಂದ ಕೂಡಲೇ ಒಬ್ಬರಿಗೆ ಬೆನ್ನುನೋವು, ಇನ್ನೊಬ್ಬರಿಗೆ ಮಗನ ಬೋರ್ಡ್ ಎಕ್ಸಾಂ, ಮತ್ತೊಬ್ಬರಿಗೆ ಸರಿಯಾಗಿ ಅದೇ ಗಳಿಗೆಗೆ ಫೋನು.

ಕಳೆದ ವರ್ಷ ಮೂರನೇ ಮಹಡಿಯ ಪಾಟೀಲರು ಭಾವಮೈದುನನ ಗೃಹಪ್ರವೇಶಕ್ಕೆಂದು ಧಾರವಾಡಕ್ಕೆ ಹೋಗಿದ್ದರು. ಸರ್ವಾನುಮತದಿಂದ ಅವರನ್ನು ಆರಿಸಿ ವಾಟ್ಸಾಪಿನಲ್ಲಿ ಅಭಿನಂದನೆ ಕಳಿಸಿದೆವು. (ಅನುಮೋದಿಸಿದವಳು ನಾನೇ.) ಪಾಪ, ಊರಿನಿಂದ ಬರುವಾಗ ಎಲ್ಲ ಮನೆಗಳಿಗೂ ಪೇಡೆ ತಂದರು. ಅದನ್ನೂ ತಿಂದೆವು.

ಅವರ ಗ್ರಹಚಾರಕ್ಕೆ ಆ ವರ್ಷವೇ ಲೇಆಫ್‌ಗಳ ಗಾಳಿ ಬೀಸಿತು. ಮೊದಲು ನಾಲ್ಕನೇ ಮಹಡಿಯ ದಂಪತಿ, ಇಬ್ಬರಿಗೂ ಒಂದೇ ವಾರದಲ್ಲಿ. ಆಮೇಲೆ ನೆಲಮಹಡಿಯ ಹುಡುಗಿ. ಫೆಬ್ರವರಿಯಲ್ಲಿ ನಮ್ಮ ಮನೆ. ನನ್ನ ಗಂಡ ರವಿಯ ಹದಿನೆಂಟು ವರ್ಷದ ನೌಕರಿ ಹನ್ನೆರಡು ನಿಮಿಷದ ವಿಡಿಯೊ ಕಾಲ್‌ನಲ್ಲಿ ಮುಗಿಯಿತು. ಕಾಲ್ ಮುಗಿಸಿ ಅಡುಗೆಮನೆಗೆ ಬಂದವನು ‘ಕಾಫಿ ಇದ್ಯಾ?’ ಅಂದ. ಅಷ್ಟೇ ಅಂದ.

ಪಾಟೀಲರು ದೊಡ್ಡ ಮಾತುಗಾರರಲ್ಲ. ಆದರೆ ಪ್ರತಿ ಶನಿವಾರ ಬೆಳಗ್ಗೆ ಹತ್ತಕ್ಕೆ ಟೇಬಲ್ ಟೆನಿಸ್ ರೂಮಿನಲ್ಲಿ ಕೂರತೊಡಗಿದರು. ನೆಟ್ ಬಿಚ್ಚಿಟ್ಟು, ಟೇಬಲ್ಲಿನ ಆ ಕಡೆ ಅವರು, ಈ ಕಡೆ ಕೆಲಸ ಕಳೆದುಕೊಂಡವರು. ಮಾಕ್ ಇಂಟರ್‌ವ್ಯೂ, ಅಂದರೆ ಸಂದರ್ಶನದ ರಿಹರ್ಸಲ್! ‘ಕೈ ಹಿಸುಕಬ್ಯಾಡ್ರಿ. ಕೆಲಸ ಹೋತು ಅಂತ ತೆಲಿ ತಗ್ಗಸಬ್ಯಾಡ್ರಿ. ಹೋಗಿದ್ದು ಕೆಲಸ, ಕಸುಬಲ್ಲ’ ಎಂದು ತಿದ್ದುತ್ತಿದ್ದರು. ರವಿ ಮೊದಲೆರಡು ವಾರ ಹೋಗಲಿಲ್ಲ. ಮೂರನೇ ವಾರ ಪಾಟೀಲರೇ ಬಂದು ಬೆಲ್ ಒತ್ತಿದರು. ಅಂದಿನಿಂದ ಶನಿವಾರಕ್ಕೆ ಅವನು ಶೇವ್ ಮಾಡಿಕೊಳ್ಳತೊಡಗಿದ. ಮನೆಯಲ್ಲಿ ನಿರುದ್ಯೋಗಿ ಗಂಡಸಿರುವ ಹೆಂಗಸರಿಗೆ ಅದರ ಬೆಲೆ ಗೊತ್ತು.

ಇಷ್ಟಾದ ಮೇಲೂ ನಾನು ಆ ಮನುಷ್ಯನಿಗೆ ಏನು ಮಾಡಿದೆ ಕೇಳಿ.

ನಮ್ಮಲ್ಲಿ ಗುಡಿಸಿ ಒರೆಸುವವರು ಇಬ್ಬರು. ಒಬ್ಬರು ಸಾಕು, ಹಲಸೂರಿನಿಂದ ಬರುವ ಸೆಲ್ವಿಯನ್ನು ಬಿಡಿಸೋಣ ಎಂಬ ಪ್ರಸ್ತಾಪ ಗ್ರೂಪಿನಲ್ಲಿ ಬಂತು. ಒಂಬತ್ತು ವರ್ಷದಿಂದ ಬರುತ್ತಿರುವವಳು. ಪಾಟೀಲರು ಬರೆದರು: ‘ಈ ವರ್ಷ ನಮ್ಮ ಗೇಟಿನ ಒಳಗೆ ಯಾರ ಕೆಲಸವೂ ಹೋಗುವುದು ಬೇಡ. ಬೇಕಾದರೆ ಹಬ್ಬದ ಲೈಟಿಂಗ್ ಬಿಡೋಣ.’

ಅಂದು ಬೆಳಗ್ಗೆಯೇ ರವಿಗೆ ಕೆಲಸ ಇಲ್ಲವೆನ್ನುವ ಇನ್ನೊಂದು ‘ರಿಗ್ರೆಟ್’ ಮೇಲ್ ಬಂದಿತ್ತು. ನನ್ನ ಬೆರಳಿಗೆ ಲಗಾಮು ತಪ್ಪಿತು. ‘ಕೆಲಸ ಗಟ್ಟಿಯಾಗಿರುವವರಿಗೆ ಔದಾರ್ಯ ಸುಲಭ, ಸರ್’ ಎಂದು ಟೈಪಿಸಿ ಕಳಿಸಿಯೇಬಿಟ್ಟೆ. ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದರು. ಹನ್ನೆರಡನೆಯ ಹೆಬ್ಬೆಟ್ಟು ಪಾಟೀಲರದು. ಸತ್ಯ ಹೇಳಲೇ? ಆ ದಿನ ನನಗೆ ಖುಷಿಯಾಗಿತ್ತು.

ಅದೇ ವಾರ ಒಂಬತ್ತನೇ ತರಗತಿಯ ಮಗಳು ಅನಘಾಳಿಗೆ ಹಿಸ್ಟರಿ ಪ್ರಾಜೆಕ್ಟು. ಸುಮಾರು ತೊಂಬತ್ತು ವರ್ಷದ ಹಿಂದಿನ ಅಮೆರಿಕದ ಮಹಾ ಆರ್ಥಿಕ ಕುಸಿತ, ಮತ್ತು ಆಗ ಬಂದ ಅಧ್ಯಕ್ಷರು. (ಹೆಸರು ನಿಮಗೆ ಗೊತ್ತು. ಗೊತ್ತಿಲ್ಲದಿದ್ದರೆ ಮನೆಯ ಒಂಬತ್ತನೇ ತರಗತಿಯನ್ನು ಕೇಳಿ.) ಬ್ಯಾಂಕುಗಳು ಮುಳುಗುತ್ತಿವೆ, ಜನ ಬ್ರೆಡ್ಡಿಗೆ ಕ್ಯೂ ನಿಂತಿದ್ದಾರೆ. ಈ ಮನುಷ್ಯ ಬಂದವರೇ ಎಲ್ಲ ಬ್ಯಾಂಕುಗಳಿಗೂ ಕೆಲವು ದಿನ ರಜೆ ಕೊಟ್ಟರು. ಆಮೇಲೆ ರೇಡಿಯೊ ಮುಂದೆ ಕುಳಿತು, ಮನೆಯ ಹಿರಿಯರು ಜಗಲಿಯಲ್ಲಿ ಕೂತು ಹೇಳುವ ಹಾಗೆ, ಬಾಗಿಲು ಯಾಕೆ ಹಾಕಿದೆ ಎಂದು ಬಿಡಿಸಿ ಹೇಳಿದರು. ಜನ ನಂಬಿದರು. ಹೆದರಿ ತೆಗೆದಿದ್ದ ದುಡ್ಡನ್ನು ಮತ್ತೆ ತಂದು ಕಟ್ಟಿದರು.

ಅನಘಾಳನ್ನು ತಡೆದು ನಿಲ್ಲಿಸಿದ್ದು ಅದಲ್ಲ. ಆ ಅಧ್ಯಕ್ಷರಿಗೆ ನಡುವಯಸ್ಸಿನಲ್ಲೇ ಪೋಲಿಯೊದಿಂದ ಕಾಲು ಸ್ವಾಧೀನ ತಪ್ಪಿತ್ತು. ಪ್ಯಾಂಟಿನ ಒಳಗೆ ಉಕ್ಕಿನ ಪಟ್ಟಿ ಬಿಗಿದುಕೊಂಡು, ಮಗನ ತೋಳು ಹಿಡಿದು ವೇದಿಕೆಯ ಮೇಲೆ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಗಾಲಿಕುರ್ಚಿಯಲ್ಲಿರುವ ಫೋಟೊ ಪತ್ರಿಕೆಗಳಲ್ಲಿ ಬರುತ್ತಿದ್ದುದೇ ಅಪರೂಪ.

‘ಅಮ್ಮಾ, ನಿಂತ್ಕೊಳ್ಳೋಕೇ ಆಗ್ದೇ ಇರೋರು ಆರಾಮಾಗಿದ್ದೀನಿ ಅನ್ನೋ ಥರ ಇರೋದು ಸುಳ್ಳಲ್ವಾ? ಜನಕ್ಕೆ ಚೀಟಿಂಗ್ ಅಲ್ವಾ?’

ನಾನು ಚಪಾತಿ ಲಟ್ಟಿಸುತ್ತಿದ್ದೆ. ತಿರುಗದೇ ತೀರ್ಪು ಕೊಟ್ಟೆ. ‘ಸುಳ್ಳೇ ಕಣೇ. ಹಾಗೇ ಬರ್ಕೋ.’

ಮುಂದಿನ ಬುಧವಾರ ರವಿಗೆ ದೊಡ್ಡನೆಕ್ಕುಂದಿಯ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಇತ್ತು. ಹನ್ನೊಂದಕ್ಕೆ ಕರೆದಿದ್ದರೆ ಹತ್ತಕ್ಕೇ ಹೋಗಿ ಕೂತಿದ್ದಾನೆ. ಗಾಜಿನ ರೂಮು, ಸಾಲು ಕುರ್ಚಿ. ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಹಾಕಿದ ತಿಳಿನೀಲಿ ಶರ್ಟು, ಮಡಿಲಲ್ಲಿ ಫೈಲು, ಎದೆಯ ಮೇಲೆ ‘ಕ್ಯಾಂಡಿಡೇಟ್’ ಎಂಬ ಸ್ಟಿಕ್ಕರ್. ತಲೆಯೆತ್ತಿ ನೋಡಿದರೆ, ನಮ್ಮ ಅಧ್ಯಕ್ಷರು.

ಪಾಟೀಲರೇ ಮೊದಲು ಕೇಳಿದ್ದಾರೆ. ‘ಏನ್ರೀ ರವಿ, ಎಲ್ಲಾ ಓದ್ಕೊಂಡ್ ಬಂದೀರಿ ಇಲ್ಲೋ?’

‘ಸರ್, ನೀವು...?’

‘ಏಳು ತಿಂಗಳಾತ್ರಿ. ನಿಮಗಿಂತ ಮೊದಲ ನಂದು ಹೋಗೇತಿ’ ಎಂದು ನಕ್ಕಿದ್ದಾರೆ. ‘ಬಿಲ್ಡಿಂಗ್‌ನ್ಯಾಗ ಯಾರಿಗೂ ಹೇಳಬ್ಯಾಡ್ರಿ. ಮುಳುಗಾಕತ್ತವನ ಹತ್ರ ಈಜು ಕಲಿಯಾಕ ಯಾರರೆ ಬರ್ತಾರನ್ರೀ?’

ಅಷ್ಟರಲ್ಲಿ ಒಳಗಿನಿಂದ ರವಿಯ ಹೆಸರು ಕೂಗಿದ್ದಾರೆ. ಪಾಟೀಲರು ಎದ್ದು, ಅವನ ಮಡಚಿಕೊಂಡಿದ್ದ ಕಾಲರ್ ಸರಿಮಾಡಿ ಕಳಿಸಿದ್ದಾರೆ. ಅದೇ ಕೆಲಸಕ್ಕೆ ಬಂದಿದ್ದ ಮನುಷ್ಯ! (ಕೆಲಸ ಇಬ್ಬರಿಗೂ ಸಿಗಲಿಲ್ಲ. ಇಪ್ಪತ್ತೇಳು ವರ್ಷದ ಯಾರಿಗೋ ಸಿಕ್ಕಿತಂತೆ.)

ರವಿ ಮನೆಗೆ ಬಂದು ನನಗೊಬ್ಬಳಿಗೇ ಹೇಳಿದ. ಹೇಳುತ್ತಾ ಅತ್ತ. ಫೆಬ್ರವರಿಯಲ್ಲಿ ಅಳದವನು ಅವತ್ತು ಅತ್ತ.

ಏಳು ತಿಂಗಳು ಒಂದೇ ಲಿಫ್ಟಿನಲ್ಲಿ ಓಡಾಡಿ ನಮಗೆ ಗೊತ್ತಾಗಲಿಲ್ಲವೇ? ವರ್ಕ್ ಫ್ರಮ್ ಹೋಮ್ ಮಾಡುವವನಿಗೂ ಕೆಲಸವಿಲ್ಲದೆ ಮನೆಯಲ್ಲಿರುವವನಿಗೂ ಹೊರಗಿನಿಂದ ಏನು ವ್ಯತ್ಯಾಸ ಹೇಳಿ? ಇಬ್ಬರೂ ಹನ್ನೊಂದು ಗಂಟೆಗೆ ಚಡ್ಡಿಯಲ್ಲಿ ಬಂದು ಪಾರ್ಸೆಲ್ ಇಸಿದುಕೊಳ್ಳುತ್ತಾರೆ.

ಭಾನುವಾರ ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ. ವಿಷಯ ಒಂದೇ, ಸೆಲ್ವಿ. ಪಂಪ್ ರೂಮಿನ ಬಾಗಿಲ ಬಳಿ ಅವಳು ಒಣಗಿದ ನೆಲವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಎರಡನೇ ಮಹಡಿಯ ಮುನಿರೆಡ್ಡಿಯವರು ಎದ್ದು ನಿಂತರು. ಈ ಭಾಗದ ಹಳೇ ಊರಿನವರು, ಅವರ ತಾತ ರಾಗಿ ಬೆಳೆದ ನೆಲದ ಮೇಲೆಯೇ ನಮ್ಮ ಕಟ್ಟಡ ನಿಂತಿರುವುದು. ಅವರ ಮಗನೂ ಶನಿವಾರದ ರೂಮಿಗೆ ಹೋಗುವವನೇ.

‘ಪಾಟೀಲ್ರೇ, ನೀವು ಒಳ್ಳೆಯೋರು, ಇಲ್ಲ ಅನ್ನಲ್ಲ. ಆದ್ರೆ ಸಂಬಳ ಬತ್ತಿರೋರ ಮಾತೇ ಬೇರೆ, ನಿಂತೋಗಿರೋರ ಸಂಕಟಾನೇ ಬೇರೆ. ನಾನ್ ಹೇಳ್ತಿರೋದಲ್ಲ ಸ್ವಾಮಿ, ಮೇಡಮ್ಮೇ ಗ್ರೂಪಲ್ಲಿ ಬರ್ದವ್ರೆ.’

ಎಲ್ಲರೂ ನನ್ನತ್ತ ತಿರುಗಿದರು. ನಾನು ಪಾಟೀಲರನ್ನು ನೋಡಿದೆ. ಅವರು ಬೇಡ ಎಂಬಂತೆ ತಲೆಯಾಡಿಸಿದರು. ವಾರಕ್ಕೊಂದು ಅಂಕಣ ಬರೆಯುವವಳಿಗೆ ಆ ಹೊತ್ತಿಗೆ ಸಿಕ್ಕಿದ್ದು ಒಂದೇ ವಾಕ್ಯ. ‘ನಾನು ಬರ್ದಿದ್ದು ತಪ್ಪು.’

‘ತಪ್ಪು ಹೆಂಗಾಯ್ತದೆ? ಸರಿಯಾಗೇ ಬರ್ದಿದ್ರಲ್ಲಮ್ಮ!’

ಆಗ ಪಾಟೀಲರೇ ಎದ್ದರು. ‘ನನ್ನ ಕೆಲಸ ಹೋಗಿ ಏಳು ತಿಂಗಳಾಗೇತ್ರಿ. ಹಂಗಾಗಿ ಈ ಮಾತು ಹೇಳೋ ಹಕ್ಕು ನನಗೈತಿ ಅನ್ಕೊಂಡೀನಿ. ಸೆಲ್ವಿ ಇರಲಿ. ಒಪ್ಪೋರು ಕೈ ಎತ್ರಿ.’

ಮೊದಲು ಎದ್ದ ಕೈ ಮುನಿರೆಡ್ಡಿಯವರದು. ಆಮೇಲೆ ಎಣಿಸುವ ಅಗತ್ಯ ಬೀಳಲಿಲ್ಲ. ಸೆಲ್ವಿ ಮಾತ್ರ ನಂಬದೆ ನನ್ನ ಹತ್ತಿರ ಬಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ‘ಅಕ್ಕಾ, ಅಪ್ಪೊ ನಾಳೆ ಬರ್ಬೇಕಾ?’ ಎಂದು ಕೇಳಿದಳು. ಬಾರಮ್ಮಾ ಅಂದೆ.

ಇದನ್ನು ಬರೆಯಬಹುದೇ ಎಂದು ಪಾಟೀಲರನ್ನು ಕೇಳಿದ್ದೇನೆ. ‘ಬರೀರಿ, ಹೆಸರು ಬದಲಿಸ್ರಿ. ನನಗ ಲಾಯಕ್ಕಾದ ಕೆಲಸ ಯಾರ ಕಡೆ ಆದ್ರೂ ಇದ್ರ ಹೇಳ್ರಿ ಅಂತನೂ ಬರೀರಿ’ ಅಂದರು. ಬರೆದಿದ್ದೇನೆ.

ಸಭೆ ಮುಗಿಸಿ ಮನೆಗೆ ಬಂದ ಮೇಲೆ ಅನಘಾ ಕೇಳಿದಳು. ‘ಅಮ್ಮಾ, ಹಾಗಾದ್ರೆ ಪಾಟೀಲ್ ಅಂಕಲ್ಲೂ ನಮ್ಗೆ ಸುಳ್ಳು ಹೇಳಿದ್ರಾ?’

ಈ ಸಲ ತೀರ್ಪಿಗೆ ಅವಸರ ಮಾಡಲಿಲ್ಲ. ಫೋನ್ ತೆಗೆದು ಏಳು ತಿಂಗಳ ಗ್ರೂಪನ್ನು ಮೇಲಿನಿಂದ ಕೆಳಗೆ ಓದಿದೆ. ಸರ್, ಲಿಫ್ಟ್ ನಿಂತಿದೆ. ಸರ್, ಟ್ಯಾಂಕರ್ ಬಂದಿಲ್ಲ. ಸರ್, ನಮ್ಮ ಜಾಗದಲ್ಲಿ ಯಾರದೋ ಸ್ಕೂಟರ್. ಸರ್, ಮೇಲಿನ ಮನೆಯ ನಾಯಿ. ಸರ್, ಸರ್, ಸರ್. ‘ನೀವು ಹೇಗಿದ್ದೀರಿ?’ ಎಂದು ಇಪ್ಪತ್ತನಾಲ್ಕು ಮನೆಗಳಲ್ಲಿ ಒಬ್ಬರೂ ಕೇಳಿರಲಿಲ್ಲ.

ಸುಳ್ಳು ಹೇಳಲಿಕ್ಕಾದರೂ ಯಾರಾದರೂ ಕೇಳಬೇಕಲ್ಲವೇ?