ಪೇಟಿ ಅಂಗಡಿಯ ಕಾಕಾರಿಗೆ ನಾನು ಕೊಟ್ಟ ಕ್ಷಮೆ

ಹೋದ ತಿಂಗಳು ಬಡಿಗರು ನಮ್ಮ ಮನೆಯ ಹಳೆಯ ಕಪಾಟಿಗೆ ಪಾಲಿಶ್ ಹಚ್ಚುತ್ತಿದ್ದರು. ಅರಗು, ಸ್ಪಿರಿಟ್ ಬೆರೆತ ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ಓದುತ್ತಿದ್ದ ಪೇಪರ್ ಮಡಚಿಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತೆ. ತಲೆನೋವೇ ಎಂದು ಮನೆಯವಳು ಕೇಳಿದಳು. ಹೌದೆಂದೆ. ತಲೆನೋವಲ್ಲ, ನಾಚಿಕೆ. ಜಮಖಂಡಿಯ ಹಳೆ ಪೇಟೆಯಲ್ಲಿದ್ದ ಒಂದು ವಾದ್ಯದಂಗಡಿಯ ವಾಸನೆ ಅದು.

ಸಂಸ್ಥಾನದ ಕಾಲದ ಕಲ್ಲಿನ ಕಟ್ಟಡ. ಕೆಳಗೆ ಅಂಗಡಿ, ಮೇಲೆ ಅಟ್ಟದಲ್ಲಿ ರಿಪೇರಿ. ಯಜಮಾನರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಅವರ ತಂದೆ ಗ್ರಾಮಫೋನ್ ರಿಪೇರಿಯಿಂದ ಶುರು ಮಾಡಿದ್ದರಂತೆ. ಆಮೇಲೆ ರೇಡಿಯೋ ಬಂತು, ಕ್ಯಾಸೆಟ್ಟು ಬಂತು, ಎರಡೂ ಹೋದವು... ಅಂಗಡಿಯ ಜೀವ ಮಾತ್ರ ಹಾರ್ಮೋನಿಯಂನಲ್ಲಿತ್ತು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತೇವೆ. ಮುಧೋಳ, ಬೀಳಗಿ, ತೇರದಾಳ, ಸಾವಳಗಿ, ಎಲ್ಲ ಕಡೆಯ ಭಜನಾ ಮೇಳಗಳ ಪೇಟಿಗಳೂ ಬಸ್ಸು ಹತ್ತಿ ಅಲ್ಲಿಗೇ ಬರುತ್ತಿದ್ದವು.

ದುರಸ್ತಿಯಾದ ಪೇಟಿಯನ್ನು ಕಾಕಾ ಸುಮ್ಮನೆ ಕೊಡುತ್ತಿರಲಿಲ್ಲ. ತಂದವರು ಅಂಗಡಿಯ ಚಾಪೆಯ ಮೇಲೆ ಕುಳಿತು, ಅದನ್ನು ನುಡಿಸಿ ಒಂದು ಪದ ಹಾಡಲೇಬೇಕು. ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲಾದರೂ ಸ್ವರ ಸರಿಯಿಲ್ಲ ಎನಿಸಿದರೆ ಪೇಟಿ ಮತ್ತೆ ಅಟ್ಟ ಹತ್ತುತ್ತಿತ್ತು. ಗಿರಾಕಿಗಳು ಎಷ್ಟು ಗೊಣಗಿದರೂ ಅಷ್ಟೇ.

ನಾನು ಬನಹಟ್ಟಿಯಲ್ಲಿ ಶಾಲಾ ಮಾಸ್ತರ. ನಮ್ಮ ಓಣಿಯ ನೇಕಾರರ ಮೇಳಕ್ಕೆ ಪೇಟಿ ನುಡಿಸುತ್ತಿದ್ದೆ. ದಿನವಿಡೀ ಪವರ್‌ಲೂಮ್ ಸದ್ದು ಕೇಳುವ ಊರಿನಲ್ಲಿ ನನ್ನದೊಂದೇ ಕಿವಿ ಸರಿಯಿದೆ ಎಂಬ ಜಂಬ ಬೇರೆ. ಮೇಳದ ಹಳೆಯ ಪೇಟಿಯನ್ನು ಒಮ್ಮೆ ಕಾಕಾರಲ್ಲಿ ದುರಸ್ತಿಗೆ ಕೊಟ್ಟಿದ್ದೆ. ತರಲು ಹೋದಾಗ ಊರಿನ ಬಸ್ಸು ಹೊರಡುವುದರಲ್ಲಿತ್ತು.

"ಕುಂದರ್ರಿ ಸರ್, ಒಂದ್ ಪದಾ ಹಾಡಿ ಒಯ್ಯಿರಿ. ದನಿ ಸ್ವಲ್ಪ ಬ್ಯಾರೆ ಅನಸ್ತೈತಿ, ಯಾಕ ಅಂತ ಹೇಳ್ತೇನಿ," ಎಂದರು ಕಾಕಾ.

"ಮುಂದಿನ ಸಲಾ ಕೇಳ್ತೇನ್ರಿ, ಬಸ್ ಹೊಂಟೈತಿ," ಎಂದು ಪೇಟಿ ಎತ್ತಿಕೊಂಡು ನಡೆದೇಬಿಟ್ಟೆ.

ಸೋಮವಾರ ಭಜನೆಗೆ ಕುಳಿತು ನುಡಿಸಿದರೆ ದನಿ ತೆಳ್ಳಗೆ ಕೇಳಿಸಿತು. ಮೊದಲಿನ ತುಂಬು ದನಿ ಎಲ್ಲಿ ಹೋಯಿತು? "ಹಳೇ ರೀಡ್ ತಗದು ಹಲ್ಕಾ ರೀಡ್ ಕುಂದ್ರಿಸ್ಯಾರ," ಎಂದೆ. ರೀಡ್ ಎಂದರೆ ಪೇಟಿಯೊಳಗಿನ ಹಿತ್ತಾಳೆ ಪಟ್ಟಿಗಳು, ದನಿ ಬರುವುದೇ ಅವುಗಳಿಂದ. ಮಾಸ್ತರರೇ ಹೇಳಿದ ಮೇಲೆ ಮುಗಿಯಿತಲ್ಲ. ಮಾತು ಮೇಳದಿಂದ ಮೇಳಕ್ಕೆ ಹೋಯಿತು. ತೇರದಾಳದವರು, ಸಾವಳಗಿಯವರು ತಮ್ಮ ಪೇಟಿಗಳನ್ನು ವಾದ್ಯಗಳಿಗೆ ಹೆಸರಾದ ಮಿರಜಿಗೆ ಒಯ್ಯತೊಡಗಿದರು. ನಾನು ಒಮ್ಮೆಯೂ ಬಿಚ್ಚಿ ನೋಡಲಿಲ್ಲ.

ಒಂದು ಸೋಮವಾರ ಸಂಜೆ ಕಾಕಾ ತಾವೇ ಬಂದರು. ಭಜನೆ ಮುಗಿಯುವವರೆಗೆ ಗೋಡೆಗೆ ಒರಗಿ ಕುಳಿತು, ಆಮೇಲೆ ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದರು. "ಸರ್, ಎಲ್ಲಾರ ಮುಂದ ಬಿಚ್ಚಿ ತೋರಸ್ತೇನ್ರಿ. ನೀವ ನೋಡ್ರಿ."

ಬಿಚ್ಚಿದ ಮೇಲೆ ಅವರದೇ ಖರೆ ಎಂದಾದರೆ? "ಬಿಡ್ರಿ ಕಾಕಾ, ಆದದ್ದಾತು. ನಾವೆಲ್ಲಾ ಮರತೇವಿ, ನೀವೂ ಮರತಬಿಡ್ರಿ," ಎಂದು ಅವರ ಕೈ ಹಿಡಿದುಕೊಂಡೆ. ಕುಳಿತವರೆಲ್ಲ ತಲೆದೂಗಿದರು. ಮಾಸ್ತರರದು ದೊಡ್ಡ ಮನಸ್ಸು ಎಂದು ಮನೆತನಕ ಬಂದು ಹೇಳಿದವರೂ ಇದ್ದಾರೆ. ನಾನು ಬೈದಿದ್ದರೆ ಕಾಕಾ ತಿರುಗಿ ಬೈಯಬಹುದಿತ್ತು. ಕ್ಷಮಿಸಿಬಿಟ್ಟವನಿಗೆ ಏನು ಹೇಳುತ್ತಾರೆ? ಕೊಟ್ಟ ಚಹಾ ಮುಟ್ಟದೆ ಎದ್ದು ಬಸ್ ಸ್ಟ್ಯಾಂಡಿಗೆ ನಡೆದರು.

ಎರಡು ವರ್ಷದ ಮೇಲೆ ಪೇಟಿಗೆ ಗಾಳಿ ಊದುವ ತಿದಿ ಹರಿಯಿತು. ನಾನೂ ಮಿರಜಿಗೇ ಒಯ್ದೆ. ಅಲ್ಲಿನ ಕುಶಲಕರ್ಮಿ ಬಿಚ್ಚಿ ನೋಡಿ, "ರೀಡ್ ಎಲ್ಲಾ ಹಳೇವ ಅದಾವ್ರಿ. ಯಾರೋ ಭಾಳ ಛಲೋ ಸ್ವರಕ್ಕ ತಂದಾರ," ಎಂದ. ರೀಡುಗಳ ಮೇಲಿನ ಅರದ ಗುರುತು ತೋರಿಸಿದ; ಮೊದಲು ಎರಡು ಸಾಲಿನ ರೀಡುಗಳು ಒಂದಕ್ಕೊಂದು ಕೂಡದೆ ನಡುಗುತ್ತಿದ್ದವಂತೆ. ಆ ನಡುಕವನ್ನೇ ನಾನು ತುಂಬು ದನಿ ಎಂದುಕೊಂಡಿದ್ದೆ. ನನ್ನ ಕಿವಿಗೆ ಬೇಸೂರೇ ರೂಢಿಯಾಗಿತ್ತು, ಕಾಕಾ ಅದನ್ನು ಸರಿ ಮಾಡಿದ್ದರು.

ಮರುದಿನವೇ ಜಮಖಂಡಿಗೆ ಹೋದೆ. ಹೇಳಬೇಕೆಂದೇ ಹೋದೆ. ಅಂಗಡಿಯಲ್ಲಿ ಪೇಟಿಗಳಿದ್ದ ಜಾಗದಲ್ಲಿ ಮೊಬೈಲ್ ಕವರುಗಳು ತೂಗುತ್ತಿದ್ದವು. "ಪೇಟಿ ಹೆಂಗೈತ್ರಿ ಸರ್?" ಎಂದು ಕಾಕಾ ಕೇಳಿದರು. "ಛಲೋ ಐತ್ರಿ," ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಇನ್ನೇನೋ ಬರಬಹುದೆಂದು... ನಾನು ಒಂದು ಇಯರ್‌ಫೋನ್ ಕೊಂಡು ಹೊರಗೆ ಬಂದೆ. ಇಷ್ಟು ಹೇಡಿ ನಾನು ಎಂದು ಅಂದೇ ಗೊತ್ತಾಯಿತು.

ಈಗ ಕಾಕಾ ಇಲ್ಲ. ಕಟ್ಟಡವನ್ನು ಕೆಡವುತ್ತಿದ್ದಾರೆ. ಹೋದ ವಾರ ಅವರ ಮಗಳು ನಮ್ಮ ಮನೆಗೆ ಬಂದಿದ್ದಳು. ಅಂಗಡಿಯ ಹಳೆಯ ಫೋಟೋಗಳನ್ನು ಕೂಡಿಸಿ ಸಣ್ಣದೊಂದು ಪುಸ್ತಕ ಮಾಡುತ್ತಿದ್ದಾಳೆ. ಅಂಗಡಿಯ ಚರಿತ್ರೆಯನ್ನು ನಾನೇ ಬರೆದುಕೊಡಬೇಕಂತೆ. ಹೋಗುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದಳು.

"ಸರ್, ಆ ರೀಡಿನ ವಿಷಯಾ ಮಾತ್ರ ಬರೀಬ್ಯಾಡ್ರಿ. ಅಪ್ಪ ಅದೊಂದ ತಪ್ಪ ಮಾಡಿದ್ರು. ನೀವು ದೊಡ್ಡ ಮನಸ್ಸ ಮಾಡಿದ್ರಿ, ನಾವು ಮರತಿಲ್ಲ."

"ಇಲ್ಲವ್ವಾ, ಬರಿಯೂದಿಲ್ಲ," ಎಂದೆ. ಆಕೆ ಕೈ ಮುಗಿದು ಹೋದಳು.

ಕಾಕಾ ತಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದರೋ. ಮಾಸ್ತರರ ಮಾತಿನ ಮುಂದೆ ಹೆತ್ತ ಮಗಳೂ ನಂಬಲಿಲ್ಲ. ಆಕೆಗೆ ಕೊಟ್ಟ ಮಾತು ಮುರಿದು ಇದನ್ನು ಬರೆದಿದ್ದೇನೆ. ಕಾಕಾ ಒಂದು ರೀಡನ್ನೂ ಬದಲಿಸಿರಲಿಲ್ಲ. ತಪ್ಪು ನನ್ನದು, ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಇದನ್ನು ಕೇಳಿಸಿಕೊಳ್ಳಬೇಕಾಗಿದ್ದವರು ಹೋಗಿಬಿಟ್ಟರು. ನಾಳೆ ಜಮಖಂಡಿಗೆ ಹೋಗಿ ಈ ಹಾಳೆಗಳನ್ನು ಮಗಳ ಕೈಗೆ ಕೊಡುತ್ತೇನೆ. ಆಕೆ ಓದಿ ಮುಗಿಸುವವರೆಗೆ ಎದುರಿಗೇ ಕುಳಿತಿರುತ್ತೇನೆ.