ಸೇಡಂನಿಂದ ಬಂದ ಡೆಲಿವರಿ

ನನಗೆ ಡೆಲಿವರಿ ಮ್ಯಾನೇಜರ್ ಅಂತ ಬಡ್ತಿ ಸಿಕ್ಕ ಸಂಜೆ ಅಪ್ಪ ಕಾಚಿಗೂಡದ ನಮ್ಮ ಮನೆಯಿಂದ ಊರಿನ ಬಂಧುಗಳಿಗೆಲ್ಲ ಫೋನ್ ಮಾಡಿದರು. ಊರು ಅಂದರೆ ಸೇಡಂ. ಅಪ್ಪ ಹುಡುಗರಿದ್ದಾಗಲೇ ಅಲ್ಲಿಂದ ಹೈದರಾಬಾದಿಗೆ ಬಂದು, ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲೇ ತಲೆ ಬೆಳ್ಳಗಾಗಿಸಿಕೊಂಡವರು. ಅವರ ಲೆಕ್ಕದಲ್ಲಿ ಡೆಲಿವರಿ ಅಂದರೆ ಸೂರತ್ತಿನಿಂದ ಬಂದ ಬಟ್ಟೆಯ ಮೂಟೆಗಳನ್ನು ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಬಿಡಿಸಿಕೊಂಡು ಬರುವುದು. ನಂಬಿಕಸ್ಥರನ್ನು ಬಿಟ್ಟು ಬೇರೆಯವರಿಗೆ ಮಾಲೀಕರು ಆ ಕೆಲಸ ಹೇಳುತ್ತಿರಲಿಲ್ಲ. ಮಗಳು ಅಂಥದ್ದಕ್ಕೆ ಮ್ಯಾನೇಜರೇ ಆದಳೆಂದ ಮೇಲೆ ಅಪ್ಪನಿಗೆ ನನ್ನಿಂದ ಬೇರೆ ವಿವರಣೆ ಬೇಕಾಗಲಿಲ್ಲ.

ನಾನೂ ಸಂಕೋಚಪಡಲಿಲ್ಲ. ಆಗ ಹೈದರಾಬಾದಿನ ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು, ಒಂದೊಂದರಲ್ಲೂ ಸಾವಿರಾರು ಹುಡುಗ ಹುಡುಗಿಯರು ಸೇರುತ್ತಿದ್ದರು. ಆದರೂ ನಮ್ಮ ಕಂಪನಿಯಲ್ಲಿ ಆ ಕುರ್ಚಿಯ ಮೇಲೆ ಅದುವರೆಗೆ ಹೆಂಗಸು ಕೂತಿರಲಿಲ್ಲ. ತಯಾರಾದ ಸಾಫ್ಟ್‌ವೇರನ್ನು ಹೇಳಿದ ದಿನಕ್ಕೆ ಗಿರಾಕಿಗೆ ಒಪ್ಪಿಸುವುದು ನನ್ನ ಹೊಣೆ. ಬರೆಯುವವರು ಬೇರೆ, ಪರೀಕ್ಷೆ ಮಾಡುವವರು ಬೇರೆ. ಯಾರು ಯಾವಾಗ ಏನು ಮುಗಿಸಬೇಕು, ಮುಗಿಯದಿದ್ದರೆ ಯಾರನ್ನು ಕರೆಯಬೇಕು ಅನ್ನುವುದು ಮಾತ್ರ ನನ್ನದು. ಅದು ನನಗೆ ಚೆನ್ನಾಗಿ ಬರುತ್ತಿತ್ತು.

ಡೆಲಿವರಿ ಅನ್ನುವ ಪದದ ಜೊತೆ ನನಗೆ ಹಳೆಯ ಸಲಿಗೆಯೂ ಇತ್ತು. ಮಿಷನ್ ಶಾಲೆಯ ಬೆಳಗಿನ ಇಂಗ್ಲಿಷ್ ಪ್ರಾರ್ಥನೆಯಲ್ಲಿ ಕೇಡಿನಿಂದ ನಮ್ಮನ್ನು ಬಿಡಿಸು ಅಂತ ಬೇಡುವಾಗ ಅದೇ ಪದ ಬರುತ್ತಿತ್ತು. ಅಪ್ಪ ಕ್ರಿಕೆಟ್ ಕಾಮೆಂಟರಿ ಕೇಳುವಾಗ ಬೌಲರ್ ಎಸೆದ ಚೆಂಡಿಗೂ ಅದೇ ಪದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮೆರಿಕದ ಗಿರಾಕಿಯೊಬ್ಬರಿಗೆ ಫೋನಿನಲ್ಲಿ ನಮ್ಮ ಯೋಜನೆ ವಿವರಿಸಿದ್ದೆ. ಅವರು "ನಿಮ್ಮ ಡೆಲಿವರಿ ಬಹಳ ಚೆನ್ನಾಗಿತ್ತು" ಅಂದರು. ನಾನು ಗಾಬರಿಯಾಗಿ "ಇಲ್ಲ ಸರ್, ಡೆಲಿವರಿ ಮುಂದಿನ ಶುಕ್ರವಾರ, ಇನ್ನೂ ಕೊಟ್ಟಿಲ್ಲ" ಅಂದೆ. ಆ ಕಡೆ ನಗು. ಮಾತಾಡುವ ಧಾಟಿಗೂ ಹಾಗನ್ನುತ್ತಾರೆಂದು ಪಕ್ಕದಲ್ಲಿದ್ದ ಮ್ಯಾನೇಜರ್ ಆಮೇಲೆ ಹೇಳಿದರು. ಅವತ್ತೇ ನಿಘಂಟು ತೆಗೆದು ನೋಡಿದೆ. ಒಪ್ಪಿಸು, ಮುಟ್ಟಿಸು, ಬಿಡಿಸು, ಎಸೆ, ನುಡಿ: ಎಲ್ಲವನ್ನೂ ಕಲಿತೆ. ಆದರೆ ಕನ್ನಡ ನಾಡಿನ ಹಳ್ಳಿಹಳ್ಳಿಯಲ್ಲೂ ಆ ಪದಕ್ಕೆ ಇರುವುದು ಒಂದೇ ಅರ್ಥ ಅನ್ನುವುದು ನನ್ನ ತಲೆಯಲ್ಲಿ ಸುಳಿಯಲೇ ಇಲ್ಲ.

ಬಡ್ತಿಯಾಗಿ ಕೆಲವು ವಾರ ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಸೇಡಂನಿಂದ ರೈಲಿನಲ್ಲಿ ಬಂದು ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು ಆಟೋದಲ್ಲಿ ನೇರ ನಮ್ಮ ಮನೆಗೆ ಬಂದರು. ಜೊತೆಗೆ ಅವರ ಮಗಳು, ತುಂಬು ಗರ್ಭಿಣಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದವಳು.

"ಏನಕ್ಕಾ, ಮುಂಚೆ ಹೇಳಬಾರದಾ?" ಅಂತ ಅಪ್ಪ ಚೀಲ ಇಳಿಸಿಕೊಂಡರು.

"ಹೇಳೋದೇನೈತೋ? ಮನಿಯಾಗ ಡೆಲಿವರಿ ಮ್ಯಾನೇಜರ್ ಇದ್ದಾಳಂದ್ರ ನಾ ಯಾರಿಗೆ ಹೇಳಿ ಬರಬೇಕು?" ಅತ್ತೆ ನನ್ನ ಗಲ್ಲ ಸವರಿ ಬೆರಳು ನೆಟಿಕೆ ಮುರಿದರು. "ಕಂಪ್ಯೂಟರ್ ಕಲ್ತಿ. ಈಗ ದವಾಖಾನಿ ಎಲ್ಲಾ ಕಂಪ್ಯೂಟರಿನ ಮ್ಯಾಲೇ ನಡೀತಾವಂತ. ಇಷ್ಟು ಸಣ್ಣ ವಯಸ್ಸಿನ್ಯಾಗ ಡೆಲಿವರಿ ವಾರ್ಡೆಲ್ಲಾ ನಿನ್ನ ಕೈಯಾಗ ಕೊಟ್ಟಾರ. ನಮ್ಮ ಓಣಿ ತುಂಬ ಹೇಳೀನಿ ನೋಡು."

ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪ ನನ್ನ ಮುಖ ನೋಡಿದರು. ನನಗೆ ನಗು ಉಕ್ಕಿ ಬಂತು, ಆದರೆ ಅತ್ತೆಯ ಮಗಳ ಮುಖ ನೋಡಿದಾಗ ಅಡಗಿತು. ಅವಳ ಪಾದ ಊದಿಕೊಂಡು ಚಪ್ಪಲಿಯ ಗುರುತು ಮೂಡಿತ್ತು. ಕೂಸಿನ ತಲೆ ಮೇಲಿದೆ, ಬಿಪಿಯೂ ಏರುತ್ತಿದೆ, ದೊಡ್ಡ ಊರಿಗೆ ಹೋಗಿ ಅಂತ ಸೇಡಂನ ಡಾಕ್ಟರು ಹೇಳಿದ್ದರಂತೆ. ಕಲಬುರಗಿಗೆ ಹೋಗೋಣ ಅಂತ ಅಳಿಯ ಅಂದರೂ ಅತ್ತೆ ಒಪ್ಪಿರಲಿಲ್ಲ. ನನ್ನನ್ನು ನಂಬಿ ಇಲ್ಲಿಗೆ ಕರೆತಂದಿದ್ದರು.

ನಾನು ಅತ್ತೆಯ ಪಕ್ಕ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅತ್ತಿ, ನಾ ದವಾಖಾನ್ಯಾಗ ಇಲ್ರಿ. ನಮ್ಮ ಕಡೆ ಡೆಲಿವರಿ ಅಂದ್ರ ಬ್ಯಾರೆ. ಕಂಪ್ಯೂಟರಿನ ಕೆಲಸ ತಯಾರು ಮಾಡಿ ಗಿರಾಕಿಗೆ ಒಪ್ಪಸೋದು."

"ಅಂದ್ರ… ಗ್ಯಾಸ್ ಸಿಲಿಂಡರ್ ತಂದು ಕೊಡ್ತಾನಲ್ಲ, ಹಂಗ?"

"ಹಂಗೇ ಅನ್ರಿ."

ಮಗಳು ಮುಖ ಮುಚ್ಚಿಕೊಂಡು ಅಳತೊಡಗಿದಳು. "ಅವ್ವಾ, ಎಷ್ಟು ಸಲ ಹೇಳಿದೆ ಒಮ್ಮೆ ಫೋನ್ ಹಚ್ಚಿ ಕೇಳು ಅಂತ! ಈಗ ಏನ್ ಮಾಡೋದು?"

ಅವಳ ಅಳು ನೋಡಿ ನನಗೆ ಹೆದರಿಕೆಯಾಗಲಿಲ್ಲ. ಪ್ರತಿ ತಿಂಗಳೂ ಯಾರಾದರೊಬ್ಬರು ನನ್ನ ಮೇಜಿನ ಮುಂದೆ ನಿಂತು ಈಗೇನು ಮಾಡೋದು ಅಂತ ಕೇಳುತ್ತಿದ್ದರು. "ಅಳಬ್ಯಾಡವ್ವಾ," ಅಂದೆ. "ಹಡಿಸೋದು ನನಗ ಬರಂಗಿಲ್ಲ, ಖರೇ. ಆದ್ರ ಹಡಿಸೋರನ್ನ ಹುಡುಕೋದು, ಯಾರು ಯಾವಾಗ ಎಲ್ಲಿರಬೇಕು ಅಂತ ನೋಡೋದು ನನ್ನ ಕೆಲಸಾನೇ. ನೀವಿಬ್ಬರೂ ಇಲ್ಲೇ ಇರ್ರಿ."

ಮರುದಿನವೇ ಮನೆಗೆ ಹತ್ತಿರದ ಹೆರಿಗೆ ಆಸ್ಪತ್ರೆಯೊಂದನ್ನು ಗೊತ್ತುಮಾಡಿದೆ. ಅಲ್ಲಿನ ಡಾಕ್ಟರಮ್ಮ ತೆಲುಗಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಅತ್ತೆಗೆ ಹೇಳುತ್ತಿದ್ದೆ, ಅತ್ತೆ ಕೇಳಿದ್ದನ್ನು ತೆಲುಗಿನಲ್ಲಿ ಅವರಿಗೆ. ಬಿಪಿ ಮಾತ್ರೆಗೆ ಜಗ್ಗುತ್ತದೆ, ಕೂಸು ಇನ್ನೂ ತಿರುಗಬಹುದು, ತಿರುಗದೆ ನೀರಿನ ಚೀಲ ಒಡೆದರೆ ಮಾತ್ರ ತಡಮಾಡದೆ ಕರೆತನ್ನಿ ಅಂದರು. ಇಬ್ಬರು ರಕ್ತ ಕೊಡುವವರನ್ನೂ ತಯಾರಿಡಿ ಅಂದರು.

ಆಫೀಸಿಗೆ ಹೋದವಳೇ ನನ್ನ ತಂಡಕ್ಕೆ ಒಂದು ಮೇಲ್ ಹಾಕಿದೆ. ಅವಸರದಲ್ಲಿ 'ಡೆಲಿವರಿಗೆ ರಕ್ತ ಬೇಕಾಗಿದೆ' ಅಂತಷ್ಟೇ ಬರೆದಿದ್ದೆ. ವಾರಗಟ್ಟಲೆ ಶನಿವಾರ ಭಾನುವಾರ ಕಾಣದೆ ದುಡಿಯುತ್ತಿದ್ದ ಒಬ್ಬ ಹುಡುಗ ತಕ್ಷಣ ಉತ್ತರ ಬರೆದ: 'ಮೇಡಂ, ಈಗಾಗಲೇ ಕೊಡುತ್ತಿದ್ದೇನೆ, ಇನ್ನೆಷ್ಟು ಬೇಕು?' ಇಡೀ ಆಫೀಸು ನಕ್ಕಿತು. ವಿಷಯ ತಿಳಿದ ಮೇಲೆ ಕೊಡಲು ಮೊದಲು ಎದ್ದು ಬಂದವನೂ ಅವನೇ.

ನಮ್ಮ ಸಾಫ್ಟ್‌ವೇರ್ ಒಪ್ಪಿಸುವ ದಿನವೂ ಅದೇ ತಿಂಗಳಲ್ಲಿತ್ತು. ನನ್ನ ಮೇಲಧಿಕಾರಿ ಹುಬ್ಬು ಗಂಟಿಕ್ಕಿ, "ಯಾವ ಡೆಲಿವರಿ ಮೊದಲು?" ಅಂತ ಕೇಳಿದರು. "ಒಂದರ ತಾರೀಖು ಮಾತ್ರ ನಮ್ಮ ಕೈಲಿದೆ ಸರ್. ಇನ್ನೊಂದು ಬಂದ ದಿನ ನಾನು ಹೋಗುತ್ತೇನೆ. ನಾನಿಲ್ಲದಿದ್ದರೆ ಯಾರು ಏನು ಮಾಡಬೇಕೆಂದು ಇವತ್ತೇ ಹೇಳಿಟ್ಟಿರುತ್ತೇನೆ" ಅಂದೆ.

ಮನೆಯಲ್ಲಿ ಅತ್ತೆಗೆ ನನ್ನ ಕೆಲಸದ ಮೇಲೆ ಹೊಸ ಆಸಕ್ತಿ ಹುಟ್ಟಿತ್ತು. ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಎಲ್ಲಿಗೆ ಬಂತು, ಯಾರು ತಡಮಾಡುತ್ತಿದ್ದಾರೆ ಅಂತ ವಿಚಾರಿಸುತ್ತಿದ್ದರು. ಒಂದು ದಿನ ನಾನು ಕ್ಯಾಬ್ ಹತ್ತಲು ಮೆಟ್ಟಿಲಿಳಿಯುತ್ತಿದ್ದೆ. ಅತ್ತೆ ಮೇಲಿನಿಂದ ಬಗ್ಗಿ ಓಣಿಗೆಲ್ಲ ಕೇಳುವಂತೆ ಕೂಗಿದರು: "ಏ ತಂಗಿ, ಮಗಳದು ಹದಿನೈದು ದಿನ ಅಂದಾರ ಡಾಕ್ಟರು. ನಿಂದು ಡೆಲಿವರಿ ಎಂದೈತಿ?"

"ನಂದು ಇಪ್ಪತ್ತನೇ ತಾರೀಖ್ರಿ, ಅತ್ತಿ!"

ಕೆಳಮನೆಯ ತೆಲುಗು ಆಂಟಿ ತುಳಸಿಗೆ ನೀರು ಹಾಕುತ್ತಿದ್ದರು. ಅವರಿಗೆ ಕನ್ನಡ ಬಾರದು, ಆದರೆ ಆ ಒಂದು ಪದ ಬರುತ್ತಿತ್ತು. ಮದುವೆಯಾಗದ ನನ್ನ ಹೊಟ್ಟೆಯನ್ನೂ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಚೆಂಬಿನ ನೀರೆಲ್ಲ ಅವರ ಕಾಲ ಮೇಲೆ ಸುರಿಯಿತು. ಅವ್ವ ಕೆಳಗೆ ಹೋಗಿ, ತೆಲುಗು ಹಿಂದಿ ಎರಡರಲ್ಲೂ ಹೇಳಿ, ಕೊನೆಗೆ ಅತ್ತೆಯ ಮಗಳನ್ನೇ ಕರೆದು ತೋರಿಸಿ ನನ್ನ ಮಾನ ಉಳಿಸಬೇಕಾಯಿತು. ಆ ಮಧ್ಯಾಹ್ನ ಆಂಟಿ ಬಸುರಿಗೆಂದು ನಿಂಬೆಹಣ್ಣಿನ ಪುಳಿಹೋರ, ಅಂದರೆ ಚಿತ್ರಾನ್ನ, ಕಳಿಸಿದರು.

ಕೂಸು ತಿರುಗಲಿಲ್ಲ. ಡಾಕ್ಟರು ಹೇಳಿದ ದಿನಕ್ಕಿಂತ ಒಂದು ವಾರ ಮೊದಲೇ, ನಾನು ಮೀಟಿಂಗಿನಲ್ಲಿದ್ದಾಗ, ಅವ್ವನ ಫೋನ್ ಬಂತು. "ನೀರು ಹೋಗ್ಯಾವ. ಆಟೋದಾವ ಬಂದಾನ. ನಾವು ಹೊಂಟೀವಿ."

ನಮ್ಮ ಓಣಿಯ ತುದಿಯಲ್ಲಿದ್ದ ಆಟೋ ಚಾಲಕರಿಗೆ ಮೊದಲೇ ಹೇಳಿಟ್ಟಿದ್ದೆ. ಅವರು ಆ ದಿನಗಳಲ್ಲಿ ದೂರದ ಸವಾರಿ ಹಿಡಿದಿರಲಿಲ್ಲ. ನಾನು ಫೋನ್ ಮಾಡಿದಾಗ "ಟೆನ್ಶನ್ ನಕ್ಕೋ ಬೇಟಾ, ದವಾಖಾನಾ ಸಾಮ್ನೇಚ್ ಹೈ" ಅಂತ ಧೈರ್ಯ ಹೇಳಿದರು, ಆಸ್ಪತ್ರೆ ಆಗಲೇ ಕಣ್ಣೆದುರಿಗಿತ್ತಂತೆ. ರಕ್ತ ಕೊಡುವ ಹುಡುಗರಿಬ್ಬರೂ ಒಂದು ಬೈಕಿನಲ್ಲಿ ಹೊರಟರು. ಕೆಳಗೆ ಬಂದು ನೋಡಿದರೆ ರಸ್ತೆಯಲ್ಲಿ ಕ್ಯಾಬುಗಳು ಅಲುಗದೆ ನಿಂತಿದ್ದವು. ನಾನು ಲೋಕಲ್ ರೈಲು ಹಿಡಿದೆ. ಅದು ಬೇಗಂಪೇಟೆ ದಾಟಿ ಸಿಕಂದರಾಬಾದ್ ಸುತ್ತಿ ಕಾಚಿಗೂಡ ತಲುಪುವಷ್ಟರಲ್ಲಿ ನನ್ನ ಕೈಯ ಬೆವರಿಗೆ ಫೋನು ಒದ್ದೆಯಾಗಿತ್ತು. ಆಫೀಸಿನಲ್ಲಿ ಎಂದೂ ಹಾಗಾಗಿರಲಿಲ್ಲ. ಅಲ್ಲಿ ಏನು ಕೆಟ್ಟರೂ ತಿದ್ದಿ ಮತ್ತೊಮ್ಮೆ ಕಳಿಸಬಹುದಿತ್ತು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅಪ್ಪ ಎದುರಾದರು. ಅವರ ಕಣ್ಣು ಕೆಂಪಾಗಿತ್ತು.

"ಆತವ್ವಾ," ಅಂದರು. "ಹೆಣ್ಣು ಕೂಸು. ಆಪರೇಷನ್ ಆತು. ಇಬ್ಬರೂ ಆರಾಮ ಅದಾರ."

ಒಳಗೆ ಬೆಂಚಿನ ಮೇಲೆ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಎರಡು ಜೀವ ಬೇರೆ ಬೇರೆ ಆದವಲ್ಲ, ಅಷ್ಟು ಸಾಕು ಅಂತ ದೇವರಿಗೆ ಕೈ ಮುಗಿಯುತ್ತಿದ್ದರು. ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಒಂದು ಗಳಿಗಿ ತಡ ಆಗಿದ್ರ ಕಠಿಣ ಇತ್ತು ಅಂದ್ರು ಡಾಕ್ಟರಮ್ಮ. ಆಟೋ ಬಾಗಲದಾಗ ಇತ್ತು, ಮಂಚ ತಯಾರಿತ್ತು, ರಕ್ತ ಕೊಡೋ ಹುಡುಗ್ರು ಬಂದು ಕುಂತಿದ್ರು. ನೀ ಒಬ್ಬಾಕೇ ಇರಲಿಲ್ಲ ನೋಡು."

"ನಾ ಇರೋದು ಬೇಕಾಗಲಿಲ್ಲಲ್ರಿ, ಅತ್ತಿ," ಅಂದೆ. ಅಂದವಳೇ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಹಾಗೆ ಅತ್ತದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಅದು ಗೆದ್ದವಳ ಅಳು.

ಇಪ್ಪತ್ತನೇ ತಾರೀಖು ಸಾಫ್ಟ್‌ವೇರ್ ಕೂಡ ಹೋಯಿತು. ಅದರಲ್ಲಿ ಎರಡು ದೋಷ ಉಳಿದಿದ್ದವು, ಮುಂದಿನ ವಾರ ಸರಿಮಾಡಿ ಕಳಿಸಿದೆವು. ಗಿರಾಕಿ ಸಿಹಿ ಮಾತಿನ ಮೇಲ್ ಬರೆದರು. ಅದನ್ನು ಮನೆಯಲ್ಲಿ ಓದಿ ಹೇಳಿದಾಗ ಅತ್ತೆ ಬಾಣಂತಿಗೆ ಮಾಡಿದ್ದ ಅಂಟಿನ ಉಂಡೆಯಲ್ಲಿ ಒಂದನ್ನು ತಂದು ನನ್ನ ಕೈಗಿಟ್ಟರು. "ನೀನೂ ಹಡದೀಯಲ್ಲ, ತಿನ್ನು."

ಹೊಲಿಗೆ ಮಾಯ್ದ ಮೇಲೆ ಅಳಿಯ ಬಂದು ಎಲ್ಲರನ್ನೂ ಕರೆದುಕೊಂಡು ಹೊರಟ. ನಾಂಪಲ್ಲಿಗೆ ಬಿಡಲು ನಾನೂ ಹೋಗಿದ್ದೆ. ರೈಲಿನಲ್ಲಿ ಎದುರು ಸೀಟಿನ ತಾಂಡೂರಿನ ಹೆಂಗಸೊಬ್ಬರು ಕೂಸನ್ನು ನೋಡಿ ಮಾತಿಗೆಳೆದರು. ಅತ್ತೆ ಕಿಟಕಿಯಿಂದ ನನ್ನತ್ತ ಕೈ ತೋರಿಸಿ, "ನನ್ನ ತಮ್ಮನ ಮಗಳು. ಡೆಲಿವರಿ ಮ್ಯಾನೇಜರ್ ಅದಾಳ" ಅಂದರು.

ಆ ಹೆಂಗಸು ಕಣ್ಣರಳಿಸಿ, ತನ್ನ ಸೊಸೆಗೆ ಏಳು ತಿಂಗಳು, ಯಾವ ಆಸ್ಪತ್ರೆ ಒಳ್ಳೆಯದು ಅಂತ ಕೇಳಿದರು. ಪದದ ಅರ್ಥ ಬಿಡಿಸಿ ಹೇಳುವಷ್ಟು ಹೊತ್ತು ರೈಲು ನಿಲ್ಲುವುದಿಲ್ಲ. ನಾನು ಕಿಟಕಿಯ ಸರಳು ಹಿಡಿದು ಆಸ್ಪತ್ರೆ ಎಲ್ಲಿದೆ, ಡಾಕ್ಟರಮ್ಮ ಎಷ್ಟು ಹೊತ್ತಿಗೆ ಸಿಗುತ್ತಾರೆ, ಮೊದಲ ಸಲ ಹೋಗುವಾಗ ಏನೇನು ತರಬೇಕು ಎಲ್ಲವನ್ನೂ ಹೇಳಿದೆ. ರೈಲು ಅಲುಗಿದಾಗ ಅವರು ನನ್ನ ಫೋನ್ ನಂಬರ್ ಕೇಳಿದರು. ರೈಲಿನ ಜೊತೆ ನಡೆಯುತ್ತಲೇ ಕೊಟ್ಟೆ.